ಬೆಟ್ಟದ ಗೊರಿಲ್ಲಾ ಮಾತ್ರ ಹೆಚ್ಚಾಗಿದ್ದು ಹೇಗೆ? ಉಳಿದ ಮಹಾವಾನರಗಳು (ಬೇರೆ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್) ಕಮ್ಮಿಯಾಗುತ್ತಿರುವುದು ಯಾಕೆ?

ಹಸಿರೆಲೆ:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ತಿಳಿದವರು ಬಿಡಿಸಿ ಹೇಳಿ.

ಬೆಟ್ಟದ ಗೊರಿಲ್ಲಾಗಳಿಗೆ ಇರುವುದು ಎರಡೇ ತುಂಡು ಕಾಡು. ರುವಾಂಡಾ, ಉಗಾಂಡಾ, ಕಾಂಗೋ ಮೂರೂ ಸೇರುವಲ್ಲಿರುವ ವಿರುಂಗಾ ಬೆಟ್ಟಗಳು ಒಂದು, ಉಗಾಂಡಾದ ಬ್ವಿಂಡಿ ಕಾಡು ಇನ್ನೊಂದು. ಹೊಲಗಳು ಕಾಡಿನ ಅಂಚಿಗೇ ಬಂದು ನಿಂತಿವೆ. ಆಫ್ರಿಕಾದಲ್ಲಿ ಹಳ್ಳಿಗಾಡಿನ ಜನ ತೀರಾ ಒತ್ತೊತ್ತಾಗಿ ಬದುಕುವ ಜಾಗಗಳಲ್ಲಿ ಇದೂ ಒಂದು. 1994ರಲ್ಲಿ ರುವಾಂಡಾದ ನರಮೇಧ ನಡೆಯಿತು. ಅದರ ಬೆನ್ನಿಗೇ ಕಾಂಗೋ ಯುದ್ಧ. ಇಷ್ಟೆಲ್ಲ ಆದರೂ, 1980ರ ದಶಕದ ಶುರುವಿನಲ್ಲಿ ವಿರುಂಗಾದಲ್ಲಿ ಸುಮಾರು 250 ಇದ್ದ ಗೊರಿಲ್ಲಾಗಳು 2015–16ರ ಎಣಿಕೆಯಲ್ಲಿ 604 ಆಗಿದ್ದವು. ಬ್ವಿಂಡಿಯ 459 ಸೇರಿಸಿದರೆ ಒಟ್ಟು 1,063. 2018ರಲ್ಲಿ ಐಯುಸಿಎನ್ ಅನ್ನುವ ಅಂತಾರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ (ಅಳಿವಿನ ಅಪಾಯದ ಪಟ್ಟಿ) ಇವುಗಳ ಅಪಾಯದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರು.

ಬೇರೆ ಕಡೆ ನೋಡಿ. ಪಶ್ಚಿಮ ಆಫ್ರಿಕಾದ ಚಿಂಪಾಂಜಿಗಳು 1990ರಿಂದ 2014ರೊಳಗೆ ಶೇ. 80ರಷ್ಟು ಕಮ್ಮಿಯಾದವು. ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದಲ್ಲಿ 1999–2015ರ ನಡುವೆ ಒಂದು ಲಕ್ಷಕ್ಕಿಂತ ಜಾಸ್ತಿ ಒರಾಂಗುಟಾನ್‌ಗಳು ಹೋದವು. ಅವುಗಳಿಗೆ ಇರುವ ಕಾಡು ವಿರುಂಗಾಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಕಾಡು ಕಡಿದಿದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದ್ರೆ ಈ ಲೆಕ್ಕ ತಾಳೆ ಆಗುತ್ತಿಲ್ಲವಲ್ಲ?

ಮರಕುಟಿಗ:
ಪ್ರವಾಸಿಗರ ದುಡ್ಡು. ರುವಾಂಡಾದಲ್ಲಿ ಒಂದು ಗಂಟೆ ಗೊರಿಲ್ಲಾ ನೋಡಲು 1,500 ಡಾಲರ್ ಕೊಡಬೇಕು. ಅಷ್ಟು ದುಡ್ಡು ತರುವ ಪ್ರಾಣಿಯನ್ನು ಯಾವ ಸರ್ಕಾರ ಸಾಯಲು ಬಿಡುತ್ತೆ?

ಬಿದಿರುಮೆಳೆ:
ಮರಕುಟಿಗ ಸರ್, ಅರ್ಧ ಒಪ್ಪುತ್ತೇನೆ. ದುಡ್ಡು ಬಂದಿದ್ದು ಆಮೇಲೆ. ಮೊದಲು ಈ ಪ್ರಾಣಿಗಳ ಹೆರಿಗೆಯ ಲೆಕ್ಕ ನೋಡಬೇಕು.

ಗೊರಿಲ್ಲಾ ಸುಮಾರು ನಾಲ್ಕು ವರ್ಷಕ್ಕೊಂದು ಮರಿ ಹಾಕುತ್ತದೆ. ಚಿಂಪಾಂಜಿ ಐದಾರು ವರ್ಷಕ್ಕೊಂದು. ಒರಾಂಗುಟಾನ್‌ಗೆ ಏಳೆಂಟು ವರ್ಷ ಬೇಕು. ಹುಟ್ಟಿದ ಮರಿಗಳೆಲ್ಲ ಬದುಕುವುದೂ ಇಲ್ಲ. ಅಂದರೆ ಒಂದು ದೊಡ್ಡ ಹೆಣ್ಣು ಸತ್ತರೆ ಆ ಜಾಗ ತುಂಬಲು ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತದೆ. ಒರಾಂಗುಟಾನ್‌ಗಳಲ್ಲಂತೂ ಸಹಜ ಸಾವಿನ ಮೇಲೆ ವರ್ಷಕ್ಕೆ ನೂರರಲ್ಲಿ ಒಂದು ಹೆಣ್ಣನ್ನು ಹೆಚ್ಚುವರಿಯಾಗಿ ಕೊಂದರೆ ಸಾಕು, ಆ ಗುಂಪು ನಿಧಾನವಾಗಿ ಅಳಿಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ.

ಹಾಗಾಗಿ ಕಾಡು ಎಷ್ಟು ದೊಡ್ಡದು ಅನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಸಾಯುತ್ತವೆ ಅನ್ನುವುದೇ ಮುಖ್ಯ. ಹೊರಗಿಂದ ಹಚ್ಚಗೆ ಕಾಣುವ ಕಾಡಿನ ಒಳಗೆ ಒಂದೂ ವಾನರ ಇಲ್ಲದಿರಬಹುದು.

ಹಸಿರೆಲೆ:
ಬಿದಿರುಮೆಳೆ ಅವರೇ, ಹಾಗಾದ್ರೆ ಬೋರ್ನಿಯೋದಲ್ಲಿ ಹೋಗಿದ್ದು ತಾಳೆ ಎಣ್ಣೆ ತೋಟದಿಂದ ಅಲ್ವಾ? ನಾನು ಓದಿದ್ದೆಲ್ಲ ಅದೇ.

ಬಿದಿರುಮೆಳೆ:
ತೋಟವೂ ಹೌದು. ಮರ ಪೂರ್ತಿ ಕಡಿದ ಜಾಗಗಳಲ್ಲಿ ಕುಸಿತದ ವೇಗ ಎಲ್ಲಕ್ಕಿಂತ ಜಾಸ್ತಿ. ಆದರೆ ನೀವು ಹೇಳಿದ ಆ ಲಕ್ಷದ ಅಧ್ಯಯನವನ್ನೇ ನೋಡಿ. 2018ರಲ್ಲಿ ಬಂದದ್ದು. ತಲೆ ಎಣಿಕೆಯಲ್ಲಿ ಅತಿ ಹೆಚ್ಚು ಒರಾಂಗುಟಾನ್ ಹೋಗಿದ್ದು ಇನ್ನೂ ಕಾಡಾಗಿಯೇ ಉಳಿದ ಪ್ರದೇಶಗಳಿಂದ. ಯಾಕಂದ್ರೆ ಹೆಚ್ಚಿನವು ಇದ್ದಿದ್ದೇ ಅಲ್ಲಿ. ಅಲ್ಲಿ ಮರ ಇದೆ, ಪ್ರಾಣಿ ಇಲ್ಲ. ಮಾಂಸಕ್ಕೆ, ಬೆಳೆ ತಿಂದ ಸಿಟ್ಟಿಗೆ, ಮರಿ ಹಿಡಿದು ಮಾರಲು ಕೊಂದಿದ್ದಾರೆ. ತಾಯಿಯನ್ನು ಕೊಲ್ಲದೆ ಮರಿ ಕೈಗೆ ಸಿಗುವುದಿಲ್ಲ.

ತುಂಬೆಹೂ:
ಕಿನಬತಂಗನ್ ನದಿ ಕಡೆ, ಬೋರ್ನಿಯೋದ ಮಲೇಷ್ಯಾ ಭಾಗದ ಸಬಾದಲ್ಲಿ, ನಾನು ಕೆಲವು ಕಾಲ ಕೆಲಸದ ಮೇಲೆ ಇದ್ದೆ. ನದಿಯ ಎರಡೂ ದಡದಲ್ಲಿ ಕಾಡಿನ ಒಂದು ಸಣ್ಣ ಪಟ್ಟಿ, ಅದರ ಹಿಂದೆ ಕಣ್ಣು ಹಾಯಿಸಿದಷ್ಟೂ ತಾಳೆ ತೋಟ. ಒರಾಂಗುಟಾನ್ ನೆಲಕ್ಕೆ ಇಳಿಯುವುದೇ ಇಲ್ಲ ಅಂದುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ದೊಡ್ಡ ಗಂಡೊಂದು ತೋಟದ ಸಾಲುಗಳ ನಡುವೆ ನೆಲದ ಮೇಲೆ ನಡೆದು ಹೋಗುವುದನ್ನು ನೋಡಿದೆ. ಅವಸರ ಇರಲಿಲ್ಲ. ತೋಟದ ಕೆಲಸಗಾರರು ಸುಮ್ನೆ ನಿಂತು ದಾರಿ ಬಿಟ್ಟರು.

ಅಲ್ಲಿಯ ಒಬ್ಬ ಹಿರಿಯ ಕೆಲಸಗಾರರು ಹೇಳಿದ ಮಾತು ಇದು. ತೋಟದಲ್ಲಿ ಅದಕ್ಕೆ ಹೊಟ್ಟೆ ತುಂಬಲ್ಲ, ಇರಲು ಜಾಗವೂ ಅಲ್ಲ. ಆದರೆ ಒಂದು ಕಾಡಿನ ತುಂಡಿಂದ ಇನ್ನೊಂದಕ್ಕೆ ದಾಟಲು ದಾರಿ ಅದೇ. ಗುಂಡು ಹೊಡೆಯದಿದ್ದರೆ ದಾಟಿಕೊಳ್ಳುತ್ತದೆ. ತೊರೆಗಳ ಮೇಲೆ ಹಗ್ಗದ ಸೇತುವೆಗಳನ್ನೂ ಕಟ್ಟಿದ್ದಾರೆ. ತೋಟದ ನಡುವೆ ಮರಗಳ ಪಟ್ಟಿ ಬಿಟ್ಟರೆ ಎಷ್ಟೋ ಅನುಕೂಲ. ಒರಾಂಗುಟಾನ್ ಉಳಿಯಬೇಕಾದರೆ ತೋಟದವರನ್ನು ಬಿಟ್ಟು ಮಾತಾಡಲು ಆಗುವುದಿಲ್ಲ.

ಕೆಂಡಸಂಪಿಗೆ:
ತುಂಬೆಹೂ ಅವರೇ, ಕ್ಷಮಿಸಿ, ಇದು ತೋಟದ ಕಂಪನಿಗಳಿಗೆ ಅನುಕೂಲದ ಮಾತು. ಇರುವ ಕಾಡನ್ನು ಮೊದಲು ಕಡಿದು, ಆಮೇಲೆ ಹಗ್ಗ ಕಟ್ಟುವುದಾ? ಬೋರ್ನಿಯೋದ ಇಂಡೋನೇಷ್ಯಾ ಭಾಗದ ಮಧ್ಯ ಕಾಲಿಮಂತಾನ್‌ನಲ್ಲಿ ಏನಾಯಿತು ನೋಡಿ. 1990ರ ದಶಕದ ನಡುವಿನಲ್ಲಿ ಹತ್ತು ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಭತ್ತದ ಗದ್ದೆ ಮಾಡುತ್ತೇವೆ ಅಂತ ಇಂಡೋನೇಷ್ಯಾ ಸರ್ಕಾರ ಹೊರಟಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿ ನೀರು ಬಸಿದರು. ಅಲ್ಲಿಯ ಮಣ್ಣು ಪೀಟ್. ಸಾವಿರಾರು ವರ್ಷ ಕೊಳೆತ ಎಲೆ, ಬೇರು ಸೇರಿ ಆದದ್ದು. ನೀರು ಹೋದರೆ ಆ ಮಣ್ಣೇ ಉರಿಯುತ್ತದೆ. ಭತ್ತ ಬೆಳೆಯಲಿಲ್ಲ. 1997–98ರ ಎಲ್ ನಿನ್ಯೋ (ಶಾಂತಸಾಗರದ ನೀರು ಬಿಸಿಯಾಗಿ ಮಳೆ ಕಮ್ಮಿಯಾಗುವುದು) ಬರದಲ್ಲಿ ಬೆಂಕಿ ಬಿತ್ತು. 2015ರಲ್ಲಿ ಮತ್ತೆ. ಆ ವರ್ಷ ಇಂಡೋನೇಷ್ಯಾದಲ್ಲಿ ಒಟ್ಟು 26 ಲಕ್ಷ ಹೆಕ್ಟೇರ್ ಸುಟ್ಟಿತು.

ಬೆಂಕಿಯಿಂದ ತಪ್ಪಿಸಿಕೊಂಡ ಒರಾಂಗುಟಾನ್‌ಗಳಿಗೂ ಹೊಗೆ ತಪ್ಪಲಿಲ್ಲ. ಆ ಹೊಗೆಯಲ್ಲಿ ದೊಡ್ಡ ಗಂಡುಗಳು ಕೂಗುವುದು ಕಮ್ಮಿಯಾಯಿತು, ದನಿ ದಪ್ಪಗಾಯಿತು ಅಂತ ಅಲ್ಲೇ ಇದ್ದ ಸಂಶೋಧಕರು ದಾಖಲಿಸಿದ್ದಾರೆ. ಹೊಗೆ ಕರಗಿದ ಮೇಲೂ ಅದು ಕೆಲವು ಕಾಲ ಹಾಗೇ ಇತ್ತು. ಬರ ಪ್ರಕೃತಿಯದು, ಕಾಲುವೆ ಮನುಷ್ಯರದು. ಎರಡೂ ಸೇರಿ ಮಾಡಿದ ಕೆಲಸ ಇದು.

ತುಂಬೆಹೂ:
ಉಳಿದ ಕಾಡು ಕಡಿಯಬಾರದು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ. ಆಗಲೇ ಕಡಿದ ಜಾಗದಲ್ಲಿ ಈಗ ಬದುಕಿರುವ ಪ್ರಾಣಿಗೆ ಏನು ಮಾಡುವುದು ಅನ್ನುವುದೇ ನನ್ನ ಪ್ರಶ್ನೆ.

ನದಿತೀರ:
ರೋಗದ ಬಗ್ಗೆ ಯಾರೂ ಎತ್ತಲಿಲ್ಲವಲ್ಲ. ಮಧ್ಯ ಆಫ್ರಿಕಾದಲ್ಲಿ ಎಬೋಲಾ ಮಾಡಿದ ಹಾನಿ ಬೇಟೆಗೆ ಸಮ. ಕಾಂಗೋ ಗಣರಾಜ್ಯದ (ವಿರುಂಗಾ ಇರುವ ಕಾಂಗೋ ಅಲ್ಲ, ಅದರ ಪಕ್ಕದ ದೇಶ) ಲೊಸ್ಸಿ ಅಭಯಾರಣ್ಯದ ಸುತ್ತಮುತ್ತ 2002–03ರ ಹೊತ್ತಿಗೆ ಸುಮಾರು 5,000 ಗೊರಿಲ್ಲಾ ಸತ್ತವು ಅಂತ ಅಂದಾಜು. ಅಲ್ಲಿ ಗುಂಪು ಗುಂಪೇ ಹೆಸರಿಟ್ಟು ಗುರುತಿಸಿದ್ದರು. ಕೆಲವೇ ತಿಂಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಇಲ್ಲವಾದವು. ಗಾಬೊನ್‌ನ ಮಿಂಕೆಬೆ ಕಾಡಿನಲ್ಲಿ 1990ರ ದಶಕದಲ್ಲೇ ಹೀಗಾಗಿತ್ತು. ಮನುಷ್ಯರು ತೀರಾ ಕಮ್ಮಿ ಇರುವ, ಅಚ್ಚುಕಟ್ಟಾದ ಕಾಡು ಅದು.

ಗಾಬೊನ್‌ನಲ್ಲಿ 1983ರಿಂದ 2000ದೊಳಗೆ ಗೊರಿಲ್ಲಾ, ಚಿಂಪಾಂಜಿ ಎರಡೂ ಅರ್ಧಕ್ಕಿಂತ ಕೆಳಗೆ ಇಳಿದವು. ಆಗ ಅಲ್ಲಿ ಕಾಡಿನ ಹೆಚ್ಚಿನ ಭಾಗ ಹಾಗೇ ಇತ್ತು. ಎಬೋಲಾ ಮತ್ತು ಬೇಟೆ, ಎರಡೇ ಕಾರಣ.

ಮರಕುಟಿಗ:
ಎಬೋಲಾ ಪ್ರಕೃತಿಯದ್ದೇ ತಾನೆ? ಅದಕ್ಕೆ ನಾವೇನು ಮಾಡೋಕಾಗುತ್ತೆ?

ನದಿತೀರ:
ವೈರಸ್ ಪ್ರಕೃತಿಯದ್ದು. ಆದರೆ ಹಿಂದೆ ಒಂದು ಕಡೆ ಸತ್ತರೆ ಪಕ್ಕದ ಕಾಡಿನಿಂದ ಪ್ರಾಣಿಗಳು ಬಂದು ತುಂಬುತ್ತಿದ್ದವು. ಈಗ ಪಕ್ಕದಲ್ಲಿ ರಸ್ತೆ, ಬೇಟೆ, ಮರ ಕಡಿಯುವ ಗುತ್ತಿಗೆ. ಚೇತರಿಸಿಕೊಳ್ಳುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೇವೆ.

ದೂರದಬೆಟ್ಟ:
ರೋಗದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾನು ಬ್ವಿಂಡಿಗೆ ಹೋಗಿದ್ದೆ. ಹೊರಡುವ ಮುಂಚೆ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ, ನೆಗಡಿ, ಕೆಮ್ಮು, ಜ್ವರ ಇದ್ದವರು ಈಗಲೇ ಹೇಳಿ ಅಂದರು. ಯಾರೂ ಬಾಯಿ ಬಿಡಲಿಲ್ಲ. ಅರ್ಧ ದಾರಿ ಹತ್ತಿದ ಮೇಲೆ ನಮ್ಮ ಗುಂಪಿನ ಒಬ್ಬರು ಒಂದೇ ಸಮನೆ ಕೆಮ್ಮಲು ಶುರು ಮಾಡಿದರು. ಹಿಂದಿನ ರಾತ್ರಿಯಿಂದಲೇ ಇತ್ತಂತೆ. ಅವರನ್ನು ವಾಪಸ್ ಕಳಿಸಿದರು. ಆ ಮನುಷ್ಯ ಅಷ್ಟು ದೂರ ಬಂದು, ಅಷ್ಟು ದುಡ್ಡು ಸುರಿದು ವಾಪಸ್ ಹೋಗಬೇಕಾಯಿತಲ್ಲ ಅಂತ ಬೇರೆಯವರು ಮಾರ್ಗದರ್ಶಿಯ ಜೊತೆ ಜಗಳಕ್ಕೆ ನಿಂತರು. ನನಗೆ ಮಾರ್ಗದರ್ಶಿ ಮಾಡಿದ್ದೇ ಸರಿ ಅನ್ನಿಸಿತು.

ನಮಗೆ ನೆಗಡಿ ಆಗುವ ವೈರಸ್ಸೇ ಅವುಗಳಿಗೆ ನ್ಯುಮೋನಿಯಾ ತರುತ್ತದೆ. 2009ರಲ್ಲಿ ರುವಾಂಡಾದಲ್ಲಿ ಮನುಷ್ಯರ ಮೆಟಾನ್ಯುಮೋವೈರಸ್ ತಗುಲಿ ಎರಡು ಗೊರಿಲ್ಲಾ ಸತ್ತವು, ಅದರಲ್ಲಿ ಒಂದು ಮರಿ. ಮೊದಲು ಏಳು ಮೀಟರ್ ದೂರ ನಿಲ್ಲಬೇಕಿತ್ತು, ಕೋವಿಡ್ ನಂತರ ಹತ್ತು ಮೀಟರ್ ಆಯಿತು, ಮಾಸ್ಕ್ ಕೂಡ ಬಂತು. ಆದರೆ ಫೋಟೋ ತೆಗೆಯುವ ಹುಚ್ಚಿನಲ್ಲಿ ಆ ದೂರ ಉಳಿಯುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಕಾಜಾಣ:
ಉಗಾಂಡಾದ ಕಿಬಾಲೆ ಕಾಡಿನ ಎನ್ಗೊಗೊ ಗುಂಪಿನ ಕಥೆ ಇನ್ನೂ ಭಯಂಕರ. ಅಲ್ಲಿ ಸುಮಾರು 205 ಚಿಂಪಾಂಜಿಗಳಿದ್ದವು. 2016ರ ಕೊನೆಯಲ್ಲಿ ಅದೇ ಮೆಟಾನ್ಯುಮೋವೈರಸ್ ಬಂದು ಕೆಲವೇ ವಾರದಲ್ಲಿ 25 ಸತ್ತವು. ಕಿಬಾಲೆಯ ಇನ್ನೊಂದು ಗುಂಪಿನಲ್ಲಿ 2013ರಲ್ಲಿ ಮನುಷ್ಯರ ನೆಗಡಿ ವೈರಸ್‌ನಿಂದಲೇ 56ರಲ್ಲಿ ಐದು ಸತ್ತಿದ್ದವು.

ಕೆಂಡಸಂಪಿಗೆ:
ಹಾಗಾದ್ರೆ ಪ್ರವಾಸ, ಸಂಶೋಧನೆ ಎರಡನ್ನೂ ನಿಲ್ಲಿಸಬೇಕು. ಇಷ್ಟು ಗೊತ್ತಿದ್ದೂ ಹತ್ತಿರ ಹೋಗುವುದು ತಪ್ಪು.

ಕಾಜಾಣ:
ನಿಲ್ಲಿಸಿದರೆ ಏನಾಗುತ್ತೆ ಅನ್ನುವುದಕ್ಕೂ ಲೆಕ್ಕ ಇದೆ ಮೇಡಂ. ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲೂ ಸಂಶೋಧಕರಿಂದ ರೋಗ ಹರಡಿದೆ, ಚಿಂಪಾಂಜಿ ಸತ್ತಿವೆ. ಆದರೂ ಸಂಶೋಧನಾ ಕೇಂದ್ರದ ಸುತ್ತ ಪ್ರಾಣಿಗಳು ಹೆಚ್ಚಿವೆ, ದೂರ ಹೋದಷ್ಟೂ ಕಮ್ಮಿ. ದಿನಾ ಜನ ಓಡಾಡುವ ಕಡೆ ಬೇಟೆಗಾರರು ಬರುವುದಿಲ್ಲ.

ಹಸಿರೆಲೆ ಅವರ ಮೂಲ ಪ್ರಶ್ನೆಗೂ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ವಿರುಂಗಾದ ಎಲ್ಲ ಗೊರಿಲ್ಲಾಗಳೂ ಹೆಚ್ಚಾಗಲಿಲ್ಲ. 1967ರಿಂದ 2008ರವರೆಗಿನ ದಾಖಲೆ ತೆಗೆದು ನೋಡಿದ್ದಾರೆ. ಜನರಿಗೆ ಒಗ್ಗಿಕೊಂಡ, ದಿನಾ ಕಾವಲಿರುವ ಗುಂಪುಗಳು ವರ್ಷಕ್ಕೆ ಶೇ. 4.1ರಂತೆ ಬೆಳೆದವು. ಹಾಗೆ ಕಾವಲಿಲ್ಲದ ಗುಂಪುಗಳು ಅದೇ ಕಾಡಿನಲ್ಲಿ ವರ್ಷಕ್ಕೆ ಶೇ. 0.7ರಂತೆ ಇಳಿದವು. ಕಾಡು ಒಂದೇ, ಮಳೆ ಒಂದೇ, ಆಹಾರ ಒಂದೇ. ವ್ಯತ್ಯಾಸ ಇರುವುದು ದಿನಾ ಹೋಗಿ ನೋಡುವ ಮನುಷ್ಯರಲ್ಲಿ. ಉರುಳಿಗೆ ಕೈ ಸಿಕ್ಕಿಕೊಂಡರೆ ಪಶುವೈದ್ಯರು ಹೋಗಿ ಬಿಡಿಸುತ್ತಾರೆ. ಕೆಮ್ಮು ಬಂದರೆ ಔಷಧಿ ಚುಚ್ಚುತ್ತಾರೆ. ಇದನ್ನು ಬರೀ ಕಾಡಿನ ರಕ್ಷಣೆ ಅನ್ನಲಾಗದು, ಒಂದೊಂದು ಪ್ರಾಣಿಯನ್ನೂ ಹೆಸರು ಹಿಡಿದು ಕಾಯುವ ಕೆಲಸ.

ಹಸಿರೆಲೆ:
ಕಾಜಾಣ ಸರ್, ಈ ಅಂಕಿ ನನಗೆ ಗೊತ್ತೇ ಇರಲಿಲ್ಲ. ತುಂಬಾ ಉಪಕಾರ. ಆದರೆ ಇದನ್ನು ಲಕ್ಷಗಟ್ಟಲೆ ಇರುವ ಕಡೆ ಮಾಡಲು ಸಾಧ್ಯವಾ?

ಕಾಜಾಣ:
ಆಗಲ್ಲ. ಪಶ್ಚಿಮದ ತಗ್ಗುಕಾಡಿನ ಗೊರಿಲ್ಲಾಗಳು 2013ರ ಅಂದಾಜಿನಲ್ಲಿ 3,60,000ಕ್ಕೂ ಹೆಚ್ಚು. ಕೇಳಿದರೆ ನೆಮ್ಮದಿ ಅನ್ನಿಸುತ್ತೆ. ಆದರೆ ವರ್ಷಕ್ಕೆ ಶೇ. 2.7ರಂತೆ ಇಳಿಯುತ್ತಿವೆ, ಸುಮಾರು ಶೇ. 80ರಷ್ಟು ಇರುವುದು ರಕ್ಷಿತ ಅರಣ್ಯದ ಹೊರಗೆ. ಅಷ್ಟಕ್ಕೂ ವೈದ್ಯರನ್ನು ಕಳಿಸಲಾಗದು.

ಒಂಟಿಮರ:
ಒಂದು ಅನುಮಾನ. ಕಾಡಿನಲ್ಲಿ ಮೂರು ಲಕ್ಷ ಗೊರಿಲ್ಲಾ ಅಂತ ಯಾರು ಎಣಿಸಿದ್ದು? ಇಂಥ ಅಂಕಿಗಳನ್ನು ನಂಬುವುದು ಹೇಗೆ?

ಬಿದಿರುಮೆಳೆ:
ಒಳ್ಳೆಯ ಪ್ರಶ್ನೆ. ಪ್ರಾಣಿ ಕಾಣುವುದೇ ಅಪರೂಪ. ಆದರೆ ಮಹಾವಾನರಗಳು ಪ್ರತಿ ರಾತ್ರಿ ಮಲಗಲು ಹೊಸ ಗೂಡು ಕಟ್ಟುತ್ತವೆ. ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆಯುತ್ತಾ ಆ ಗೂಡುಗಳನ್ನು ಎಣಿಸುತ್ತಾರೆ. ಒಂದು ಗೂಡು ಎಷ್ಟು ದಿನಕ್ಕೆ ಕೊಳೆತು ಮಾಯವಾಗುತ್ತೆ ಅನ್ನುವುದನ್ನು ಸೇರಿಸಿ ಸಂಖ್ಯೆ ಹಾಕುತ್ತಾರೆ. ಮಳೆ ಜಾಸ್ತಿ ಇದ್ದರೆ ಗೂಡು ಬೇಗ ಹೋಗುತ್ತೆ. ಅಲ್ಲಿ ಸ್ವಲ್ಪ ತಪ್ಪಿದರೂ ಒಟ್ಟು ಲೆಕ್ಕ ಏರುಪೇರು. ಬ್ವಿಂಡಿಯಂಥ ಸಣ್ಣ ಕಾಡಿನಲ್ಲಿ ಮಾತ್ರ ಗೂಡಿನಲ್ಲಿ ಬಿದ್ದ ಮಲದಿಂದ ಡಿಎನ್ಎ ತೆಗೆದು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ.

ಪೂರ್ವ ಕಾಂಗೋದಲ್ಲಿರುವ ಗೊರಿಲ್ಲಾದ ಇನ್ನೊಂದು ಬಗೆ, ಗ್ರಾವರ್ ಗೊರಿಲ್ಲಾ ಉದಾಹರಣೆ ತೆಗೆದುಕೊಳ್ಳಿ. 1990ರ ದಶಕದಲ್ಲಿ ಸುಮಾರು 17,000. 2016ರಲ್ಲಿ 3,800 ಅಂದರು. 2021ರಲ್ಲಿ 6,800 ಅಂದರು. ಐದು ವರ್ಷದಲ್ಲಿ ಅವು ಇಮ್ಮಡಿ ಆಗಲಿಲ್ಲ. ಮೊದಲು ಯುದ್ಧದ ಕಾರಣ ಕಾಲಿಡಲಾಗದ ಜಾಗಗಳಿಗೆ ಆಮೇಲೆ ಹೋಗಲು ಆಯಿತು, ಅಷ್ಟೇ. ಎರಡನೇ ಅಂಕಿ ಹಿಡಿದರೂ ಅರ್ಧಕ್ಕಿಂತ ಹೆಚ್ಚು ಹೋಗಿವೆ.

ಒಂಟಿಮರ:
ಸರಿ, ಅರ್ಥ ಆಯಿತು. ಗ್ರಾವರ್ ಇಷ್ಟು ಕುಸಿದಿದ್ದು ಯಾಕೆ?

ನದಿತೀರ:
ಯುದ್ಧ ಮತ್ತು ಗಣಿ. ಫೋನ್, ಕಂಪ್ಯೂಟರ್ ಒಳಗಿನ ಬಿಡಿಭಾಗಕ್ಕೆ ಟ್ಯಾಂಟಲಮ್ ಬೇಕು. ಅದು ಕೋಲ್ಟಾನ್ ಅದಿರಿನಿಂದ ಬರುತ್ತದೆ. 2000ದ ಸುಮಾರಿಗೆ ಅದರ ಬೆಲೆ ಗಗನಕ್ಕೇರಿತು. ಸಾವಿರಾರು ಜನ ಕಹುಜಿ-ಬಿಯೆಗಾ ಉದ್ಯಾನದೊಳಗೆ ಗುಂಡಿ ತೋಡಲು ನುಗ್ಗಿದರು. ಊರಿಂದ ದೂರ, ಅಂಗಡಿ ಇಲ್ಲ, ಕೈಯಲ್ಲಿ ಬಂದೂಕು. ಊಟಕ್ಕೆ ಕಾಡಿನ ಪ್ರಾಣಿಯೇ ಗತಿ. ಗೊರಿಲ್ಲಾ ನೆಲದಲ್ಲೇ ಇರುತ್ತೆ, ದೊಡ್ಡದು, ಜಾಡು ಹಿಡಿಯುವುದು ಸುಲಭ. ಒಂದು ಗುಂಡು ಹೊಡೆದರೆ ಎಷ್ಟೋ ಜನರ ಊಟ.

ಈಗ ಬ್ಯಾಟರಿ ಗಾಡಿಗಳಿಗೆ ಬೇಕಾದ ಖನಿಜಗಳ ಬೇಡಿಕೆಯೂ ಸೇರಿದೆ. ಆಫ್ರಿಕಾದ ಮಹಾವಾನರಗಳಲ್ಲಿ ಮೂರನೇ ಒಂದು ಭಾಗದವರೆಗೆ ಗಣಿಗಳಿಂದ ಅಪಾಯದಲ್ಲಿವೆ ಅಂತ 2024ರ ಒಂದು ಅಧ್ಯಯನ ಹೇಳಿತು. ಪಶ್ಚಿಮ ಆಫ್ರಿಕಾದ ಗಿನಿಯ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಪ್ರದೇಶ ಮತ್ತು ಪಶ್ಚಿಮದ ಚಿಂಪಾಂಜಿಗಳು ಅತಿ ಹೆಚ್ಚು ಇರುವ ಪ್ರದೇಶ ಒಂದರ ಮೇಲೊಂದು ಬರುತ್ತವೆ.

ಮರಕುಟಿಗ:
ಗಣಿಗೆ ಹೋದವರನ್ನು ಬೈದು ಪ್ರಯೋಜನ ಇಲ್ಲ. ಯುದ್ಧದಲ್ಲಿ ಹೊಲ ಮನೆ ಬಿಟ್ಟು ಓಡಿದವರು ಅವರು. ವಿರುಂಗಾದಲ್ಲಿ ಕಾವಲು ಕಾಯುತ್ತಾ ಸತ್ತ ರೇಂಜರ್‌ಗಳೇ 200ಕ್ಕಿಂತ ಜಾಸ್ತಿ. ಈ ದುಃಖ ಬರೀ ಪ್ರಾಣಿಗಳದ್ದಲ್ಲ.

ಕೆಂಡಸಂಪಿಗೆ:
ಇನ್ನೊಂದು ವಿಷಯ ಇಲ್ಲಿ ಯಾರೂ ಮುಟ್ಟಿಲ್ಲ. ಗೊರಿಲ್ಲಾ ಉಳಿಸಿದ ಕಥೆ ಹೇಳುವಾಗ ಬಟ್ವಾ ಜನರನ್ನು ಮರೆಯುತ್ತಾರೆ. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನ ಆದಾಗ ತಲೆಮಾರುಗಳಿಂದ ಅದೇ ಕಾಡಿನಲ್ಲಿ ಬದುಕಿದ ಅವರನ್ನು ಹೊರಗೆ ಹಾಕಿದರು. ಕೈಗೆ ಭೂಮಿ ಕೊಡಲಿಲ್ಲ. ಕಹುಜಿ-ಬಿಯೆಗಾದಲ್ಲಿ 1970ರ ದಶಕದಲ್ಲೇ ಹೀಗಾಗಿತ್ತು. ಅದು ತಪ್ಪು, ಬಟ್ವಾ ಜನರ ಹಕ್ಕು ಉಲ್ಲಂಘನೆ ಆಗಿದೆ ಅಂತ ಆಫ್ರಿಕಾದ ಮಾನವ ಹಕ್ಕುಗಳ ಆಯೋಗದ ತೀರ್ಮಾನ 2024ರಲ್ಲಿ ಹೊರಬಂತು. ಕಾಡನ್ನು ಅಷ್ಟು ಕಾಲ ಉಳಿಸಿಕೊಂಡು ಬಂದವರನ್ನು ಓಡಿಸಿ, ಡಾಲರ್ ಕೊಡುವವರನ್ನು ಕರೆದರೆ ಅದು ರಕ್ಷಣೆ ಹೇಗಾಗುತ್ತೆ?

ದೂರದಬೆಟ್ಟ:
ಕೆಂಡಸಂಪಿಗೆ ಮೇಡಂ, ಮಾತು ನಿಜ. ಆದರೆ ಕಾಡಿಗೆ ಗಡಿ ಹಾಕದಿದ್ದರೆ ಬ್ವಿಂಡಿ ಇವತ್ತು ಹೊಲ ಆಗಿರುತ್ತಿತ್ತು. ಸುತ್ತ ನೋಡಿದರೆ ಗೊತ್ತಾಗುತ್ತೆ, ಗಡಿ ಮುಗಿದ ಕಡೆ ಒಂದು ಮರ ಇಲ್ಲ.

ಕೆಂಡಸಂಪಿಗೆ:
ಹೊಲ ಮಾಡುತ್ತಿದ್ದವರು ಬಟ್ವಾ ಅಲ್ಲ. ಗಡಿ ಬೇಕಿತ್ತು, ಒಪ್ಪುತ್ತೇನೆ. ಯಾರನ್ನು ಗಡಿಯ ಹೊರಗೆ ನಿಲ್ಲಿಸಿದರು ಅನ್ನುವುದೇ ನನ್ನ ತಕರಾರು.

ಮರಕುಟಿಗ:
ರುವಾಂಡಾದಲ್ಲಿ ಈಗ ಪ್ರವಾಸದ ಆದಾಯದ ಶೇ. 10 ಸುತ್ತಲಿನ ಊರುಗಳಿಗೆ ಹೋಗುತ್ತೆ. 2017ಕ್ಕೆ ಮುಂಚೆ ಶೇ. 5 ಇತ್ತು. ಸಾಲದು, ಆದರೂ ಶಾಲೆ, ನೀರು ಅಂತ ಏನೋ ಸಿಗುತ್ತಿದೆ.

ಮುಗುಳುಮಲ್ಲೆ:
ನಾನು ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಹೇಳುತ್ತೇನೆ. ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಚಿಂಪಾಂಜಿಗಳು ಬಾವಲಿ ಹಿಕ್ಕೆ ತಿನ್ನಲು ಶುರು ಮಾಡಿದವು. ಯಾಕೆ ಗೊತ್ತಾ? ಸುತ್ತಲಿನ ರೈತರು ತಂಬಾಕು ಬೆಳೆದರು. ತಂಬಾಕಿನ ಎಲೆ ಕಟ್ಟಿ ಒಣಗಿಸಲು ಹುರಿ ಬೇಕು. ಆ ಹುರಿಗೆ ರಾಫಿಯಾ ಅನ್ನುವ ಕಾಡು ತಾಳೆಯ ಎಲೆ ಕೊಯ್ದರು. ಕೊಯ್ದು ಕೊಯ್ದು ಆ ಮರಗಳೇ ಇಲ್ಲವಾದವು. ಚಿಂಪಾಂಜಿಗಳಿಗೆ ಉಪ್ಪು, ಖನಿಜ ಸಿಗುತ್ತಿದ್ದದ್ದು ಆ ಮರದ ಕೊಳೆತ ಕಾಂಡದಿಂದ. ಅದು ಹೋದ ಮೇಲೆ ಮರದ ಪೊಟರೆಯಲ್ಲಿ ಬಿದ್ದ ಬಾವಲಿ ಹಿಕ್ಕೆಗೆ ಬಾಯಿ ಹಾಕಿದವು. ಆ ಹಿಕ್ಕೆಯಲ್ಲಿ 27 ಬಗೆಯ ವೈರಸ್ ಸಿಕ್ಕವು. ಅದರಲ್ಲಿ ಒಂದು ಕೊರೋನಾ ಜಾತಿಯದು, ಹೊಸದು. ಈ ಅಧ್ಯಯನ ಬಂದಿದ್ದು 2024ರಲ್ಲಿ.

ಇಲ್ಲಿ ಯಾರೂ ಚಿಂಪಾಂಜಿಗೆ ಗುಂಡು ಹೊಡೆಯಲಿಲ್ಲ. ಕಾಡು ಕಡಿಯಲಿಲ್ಲ. ಬರೀ ಎಲೆ ಕೊಯ್ದರು. ದೂರದಲ್ಲಿ ಯಾರೋ ಸೇದುವ ಸಿಗರೇಟಿಗೆ.

ಒಂಟಿಮರ:
ಇದನ್ನು ಓದಿ ದಂಗಾದೆ. ಎಲ್ಲಿಂದ ಎಲ್ಲಿಗೆ ನಂಟು.

ಬಿದಿರುಮೆಳೆ:
ಬುಡೊಂಗೊದಲ್ಲೇ ಉರುಳಿನ ಗಾಯವೂ ಇದೆ. ಅಲ್ಲಿ ದಿನಾ ಗಮನಿಸುವ ಗುಂಪಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದಕ್ಕೆ ಕೈಯೋ ಕಾಲೋ ಊನ. ಉರುಳು ಹಾಕುವುದು ಸಣ್ಣ ಜಿಂಕೆಗೆ, ಕಾಡು ಹಂದಿಗೆ. ಸಿಕ್ಕಿಕೊಳ್ಳುವುದು ಇವು.

ತುಂಬೆಹೂ:
ಹವಾಮಾನದ ಪಾಲು ಎಷ್ಟು ಅಂತ ಯಾರಾದರೂ ಹೇಳುತ್ತೀರಾ? ಬೋರ್ನಿಯೋದಲ್ಲಿ ಎಲ್ ನಿನ್ಯೋ ಬಂದಾಗ ಬೆಂಕಿ ಅನ್ನುವುದು ಗೊತ್ತು. ಆಫ್ರಿಕಾದಲ್ಲಿ?

ಕಾಜಾಣ:
ಗಾಬೊನ್‌ನ ಲೋಪೆ ಉದ್ಯಾನದಲ್ಲಿ 1986ರಿಂದಲೂ ತಿಂಗಳು ತಿಂಗಳು ಅವೇ ಮರಗಳ ಹೂ, ಹಣ್ಣು ದಾಖಲಿಸುತ್ತಾ ಬಂದಿದ್ದಾರೆ. 2018ರ ಹೊತ್ತಿಗೆ ಮಾಗಿದ ಹಣ್ಣು ಸಿಗುವ ಸಾಧ್ಯತೆ ಶೇ. 81ರಷ್ಟು ಬಿದ್ದಿತ್ತು. ಆನೆಗಳು ಬಡಕಲಾಗಿವೆ ಅಂತ ಹಳೆಯ ಫೋಟೋ, ಹೊಸ ಫೋಟೋ ಹೋಲಿಸಿ ತೋರಿಸಿದರು. ಕೆಲವು ಮರ ಹೂ ಬಿಡಲು ರಾತ್ರಿಯ ತಂಪು ಒಂದು ಮಟ್ಟಕ್ಕೆ ಇಳಿಯಬೇಕು. ಅಲ್ಲಿ ಈಗ ರಾತ್ರಿಯ ಬಿಸಿ ಏರಿದೆ, ಮಳೆ ಕಮ್ಮಿಯಾಗಿದೆ. ಅದೇ ಹಣ್ಣನ್ನು ಗೊರಿಲ್ಲಾ, ಚಿಂಪಾಂಜಿಯೂ ನಂಬಿಕೊಂಡಿವೆ.

ಅದೇ ದೇಶದ ಲೊಆಂಗೊ ಉದ್ಯಾನದಲ್ಲಿ 2019ರಲ್ಲಿ ಚಿಂಪಾಂಜಿಗಳು ಗೊರಿಲ್ಲಾ ಗುಂಪಿನ ಮೇಲೆ ಎರಡು ಸಲ ಬಿದ್ದು ಮರಿಗಳನ್ನು ಕೊಂದವು. ಅದಕ್ಕೆ ಮುಂಚೆ ಎರಡೂ ಒಂದೇ ಮರದಲ್ಲಿ ಹಣ್ಣು ತಿನ್ನುವುದನ್ನು ನೋಡಿದ್ದರು. ಹಣ್ಣಿನ ಪೈಪೋಟಿ ಹೆಚ್ಚಿದ್ದು ಒಂದು ಕಾರಣ ಇರಬಹುದು ಅಂತ ಅಲ್ಲಿಯ ಸಂಶೋಧಕರು ಸೂಚಿಸಿದ್ದಾರೆ.

ಮುಗುಳುಮಲ್ಲೆ:
ಸೆನೆಗಲ್‌ನ ಫೊಂಗೊಲಿಯ ಚಿಂಪಾಂಜಿಗಳು ಬಿಸಿಲು ತಾಳಲಾಗದೆ ಗುಹೆಯೊಳಗೆ ಕೂರುತ್ತವೆ, ನೀರಿನ ಗುಂಡಿಯಲ್ಲಿ ಮೈ ಅದ್ದಿಕೊಂಡು ಇರುತ್ತವೆ. ಅಲ್ಲಿಯ ಜನ ಅವುಗಳನ್ನು ತಿನ್ನುವುದಿಲ್ಲ. ಅದಕ್ಕೇ ಉಳಿದಿವೆ. ಆದರೆ ಚಿನ್ನದ ಗಣಿ ಅಲ್ಲಿಗೂ ಬಂದಿದೆ, ಗುಂಡಿಯ ನೀರಿಗೂ ಈಗ ಮನುಷ್ಯರ ಜೊತೆ ಪೈಪೋಟಿ.

ಒಂಟಿಮರ:
ಇಷ್ಟೆಲ್ಲ ಕಷ್ಟ ಇದ್ದರೆ ಒಂದಷ್ಟನ್ನು ಮೃಗಾಲಯದಲ್ಲಿ ಬೆಳೆಸಿ ಉಳಿಸಬಹುದಲ್ಲವಾ? ಆಮೇಲೆ ಬಿಡಬಹುದು.

ಬಿದಿರುಮೆಳೆ:
ದೇಹ ಉಳಿಯಬಹುದು, ಬದುಕುವ ಕಲೆ ಉಳಿಯಲ್ಲ. ಒರಾಂಗುಟಾನ್ ಮರಿ ಏಳೆಂಟು ವರ್ಷ ತಾಯಿಯ ಜೊತೆ ಇರುವುದೇ ಯಾವ ಹಣ್ಣು ಯಾವಾಗ, ಯಾವುದು ವಿಷ ಅಂತ ಕಲಿಯಲು. ಗಿನಿಯ ಬೊಸ್ಸೂ ಚಿಂಪಾಂಜಿಗಳು ಕಲ್ಲಿನಿಂದ ಕಾಯಿ ಒಡೆಯುತ್ತವೆ. ಎಷ್ಟೋ ಗುಂಪುಗಳಿಗೆ ಅದು ಬರುವುದಿಲ್ಲ. ಆಫ್ರಿಕಾದ 144 ಚಿಂಪಾಂಜಿ ಗುಂಪುಗಳಲ್ಲಿ 31 ಬಗೆಯ ಇಂಥ ನಡವಳಿಕೆ ಹೋಲಿಸಿ 2019ರಲ್ಲಿ ಒಂದು ಅಧ್ಯಯನ ಬಂತು. ಮನುಷ್ಯರ ಕಾಟ ಅತಿ ಹೆಚ್ಚು ಇರುವ ಕಡೆ ಆ ನಡವಳಿಕೆಗಳು ಕಾಣುವ ಸಾಧ್ಯತೆ ಶೇ. 88ರಷ್ಟು ಕಮ್ಮಿ. ಹಿರಿಯರು ಸಾಯುತ್ತಾರೆ, ಕಲಿಸುವವರು ಇಲ್ಲ. ಅಜ್ಜಿ ಹೋದ ಮನೆಯಲ್ಲಿ ಕೆಲವು ಅಡುಗೆಗಳೇ ನಿಂತು ಹೋಗುವ ಹಾಗೆ.

ನದಿತೀರ:
ಬೊಸ್ಸೂ ಇನ್ನೂ ಒಂದು ಕಾರಣಕ್ಕೆ ನೆನಪಿಡಬೇಕು. ಅಲ್ಲಿಯ ಮನೋನ್ ಜನ ಚಿಂಪಾಂಜಿಗಳನ್ನು ತಮ್ಮ ಹಿರಿಯರು ಅಂತ ನಂಬುತ್ತಾರೆ, ಕೊಲ್ಲುವುದಿಲ್ಲ. ಬೇಟೆ ಇಲ್ಲ. ಆದರೂ ಆ ಗುಂಪು ಬೆರಳೆಣಿಕೆಗೆ ಇಳಿಯಿತು. ಸುತ್ತ ಹೊಲ, ಬೇರೆ ಗುಂಪಿನ ಸಂಪರ್ಕ ಇಲ್ಲ, 2003ರಲ್ಲಿ ಫ್ಲೂ ತರಹದ ಕಾಯಿಲೆ ಬಂದು ಐದು ಸತ್ತವು. ಬೇಟೆ ನಿಂತರೆ ಸಾಕು ಅನ್ನುವ ವಾದಕ್ಕೂ ಇದು ಉತ್ತರ ಬಿದಿರುಮೆಳೆ ಅವರೇ. ಕಾಡಿನಿಂದ ಕಾಡಿಗೆ ದಾರಿ ಬೇಕು.

ಬಿದಿರುಮೆಳೆ:
ಒಪ್ಪಿದೆ. ವಿರುಂಗಾಕ್ಕೂ ಇದೇ ತೊಂದರೆ ಬರುತ್ತಿದೆ. ರುವಾಂಡಾ ಕಡೆಯ ಉದ್ಯಾನದಿಂದ 1960ರ ದಶಕದ ಕೊನೆಯಲ್ಲಿ ಸುಮಾರು 10,000 ಹೆಕ್ಟೇರ್ ಕತ್ತರಿಸಿ ಕೀಟನಾಶಕಕ್ಕೆ ಬಳಸುವ ಪೈರೆಥ್ರಮ್ ಹೂ ಬೆಳೆಯಲು ಕೊಟ್ಟರು. ಈಗ ಗೊರಿಲ್ಲಾ ಗುಂಪುಗಳು ಹೆಚ್ಚಾಗಿ ಒಂದಕ್ಕೊಂದು ಎದುರಾಗುತ್ತಿವೆ. 2007ರ ನಂತರ ಕಾದಾಟ, ಮರಿಗಳ ಕೊಲೆ ಜಾಸ್ತಿಯಾಗಿ ಬೆಳವಣಿಗೆ ನಿಧಾನವಾಯಿತು. ಉದ್ಯಾನ ದೊಡ್ಡದು ಮಾಡಲು ರುವಾಂಡಾ ಈಗ ಹೊರಟಿದೆ. ಮತ್ತೆ ರೈತರನ್ನು ಎಬ್ಬಿಸಬೇಕು, ಕೆಂಡಸಂಪಿಗೆ ಮೇಡಂ ಎತ್ತಿದ ಪ್ರಶ್ನೆ ಅಲ್ಲೂ ನಿಂತಿದೆ.

ಹಸಿರೆಲೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಒಂದೇ ಒಂದು ಪ್ರಶ್ನೆ ಉಳಿದಿದೆ. ಪ್ರವಾಸಿಗರೂ ಇಲ್ಲ, ಪ್ರಾಣಿ ಮನುಷ್ಯರಿಗೆ ಒಗ್ಗಿಕೊಂಡೂ ಇಲ್ಲ, ಅಂಥ ಕಡೆ ಯಾರಾದರೂ ಉಳಿಸಿದ್ದಾರಾ?

ಮುಗುಳುಮಲ್ಲೆ:
ಕ್ರಾಸ್ ರಿವರ್ ಗೊರಿಲ್ಲಾ ನೋಡಿ. ನೈಜೀರಿಯಾ–ಕ್ಯಾಮರೂನ್ ಗಡಿಯಲ್ಲಿ ಎಲ್ಲ ಸೇರಿ 300ರ ಒಳಗೆ. ಮನುಷ್ಯರ ನೆರಳು ಕಂಡರೂ ಓಡುತ್ತವೆ, ಅಷ್ಟು ಬೇಟೆ ಆಗಿತ್ತು. ಪ್ರವಾಸ ಇಲ್ಲವೇ ಇಲ್ಲ. ನೈಜೀರಿಯಾದ ಎಂಬೆ ಬೆಟ್ಟಗಳನ್ನು ಸುತ್ತಲಿನ ಊರಿನವರೇ ಸಂಘ ಮಾಡಿಕೊಂಡು ನೋಡಿಕೊಳ್ಳುತ್ತಾರೆ. ಕಾವಲುಗಾರರೂ ಅದೇ ಊರುಗಳ ಹುಡುಗರು. 2020ರಲ್ಲಿ ಅಲ್ಲಿ ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಒಂದು ಗುಂಪು ಸಿಕ್ಕಿತು, ಬೇರೆ ಬೇರೆ ವಯಸ್ಸಿನ ಮರಿಗಳ ಸಮೇತ.

ಕೆಂಡಸಂಪಿಗೆ:
ಊರಿನವರೇ ಕಾಯುತ್ತಾರೆ ಅಂದಿರಲ್ಲ, ಇಂಥದ್ದೇ ಬೇಕು. ಸಂಬಳ ಯಾರು ಕೊಡುತ್ತಾರೆ?

ಮುಗುಳುಮಲ್ಲೆ:
ಹೊರಗಿನ ವನ್ಯಜೀವಿ ಸಂಸ್ಥೆಗಳ ನೆರವಿನಿಂದ ನಡೆಯುತ್ತಿದೆ. ನೆರವು ನಿಂತ ತಿಂಗಳು ಕಾವಲೂ ನಿಲ್ಲುತ್ತೆ ಅನ್ನುವುದೇ ಅಲ್ಲಿಯ ದೊಡ್ಡ ಭಯ. ದಾನ ಕೊಡುವ ಮನಸ್ಸಿದ್ದವರು ಇಂಥ ಸಂಬಳಕ್ಕೆ ಹೋಗುವ ಹಾಗೆ ನೋಡಿಕೊಡಿ. ಹೊಸ ಕಟ್ಟಡಕ್ಕಿಂತ ಅದು ಮುಖ್ಯ.